ಜಡೆ (ಸವದತ್ತಿ ಸೀಮೆ)

ತಲೆಗೂದಲು ಬಾಚಣಿಗೆಗೆ ಬಗ್ಗದಂತೆ ಗಂಟುಗಟ್ಟಿ ಬಿಗಿಯುವ ಅಪರೂಪದ ಸ್ಥಿತಿ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಆಡುಮಾತಿನಲ್ಲಿ ‘ಜಡಿ’. ವೈದ್ಯಗ್ರಂಥಗಳಲ್ಲಿ ‘ಪ್ಲೈಕಾ ಪೊಲೋನಿಕಾ’. ಕೂದಲಿನ ಹೊರಪದರದ ಹುರುಪೆಗಳು ಎದ್ದು ಒಂದಕ್ಕೊಂದು ಸಿಕ್ಕಿಕೊಂಡಾಗ, ಕುರಿಯ ತುಪ್ಪಟ ಒತ್ತಿ ಗಡ್ಡೆಯಾಗುವ ಹಾಗೆ, ಕೂದಲೂ ಹೆಣೆದುಕೊಳ್ಳುತ್ತದೆ. ಎಣ್ಣೆ, ಧೂಳು, ಹೇನು ಅದನ್ನು ಇನ್ನಷ್ಟು ಬಿಗಿಮಾಡುತ್ತವೆ. ಹಾಗೆ ಬಿಗಿದ ಮೇಲೆ ಬಿಡಿಸಲಾಗದು, ಕತ್ತರಿಸಬೇಕು.

ತಲೆಯ ಚರ್ಮವೇ ದಪ್ಪವಾಗಿ ಮಡಿಕೆಬೀಳುವ ಕಾಯಿಲೆ ಬೇರೆ. 1907ರಲ್ಲಿ ಜರ್ಮನಿಯ ಚರ್ಮವೈದ್ಯ ಉನ್ನಾ ಅದಕ್ಕೆ ‘ಕ್ಯೂಟಿಸ್ ವರ್ಟಿಸಿಸ್ ಜೈರೇಟಾ’ ಎಂದು ಹೆಸರಿಟ್ಟರು. ಅದು ಬಲಿತರೆ ಮಡಿಕೆ ಕೊಯ್ದು ತೆಗೆದು ಚರ್ಮ ಕಸಿ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಜಡೆಗೆ ಸಾಮಾನ್ಯವಾಗಿ ಕತ್ತರಿಯೇ ಸಾಕು. ಆದರೂ ಅದು ಶತಮಾನಗಳ ಕಾಲ ತಲೆಯ ಮೇಲೆ ಉಳಿದದ್ದು ಭಯದಿಂದ.

ಪೋಲೆಂಡಿನಲ್ಲೂ ಇದೇ ಭಯವಿತ್ತು: ಜಡೆ ಕತ್ತರಿಸಿದರೆ ಒಳಗಿನ ರೋಗ ದೇಹಕ್ಕೇರುತ್ತದೆಂದು ನಂಬಿದ್ದರು. 19ನೇ ಶತಮಾನದ ನಡುವೆ ಕ್ರಾಕೊವ್‌ನ ವೈದ್ಯ ಯೂಝೆಫ್ ಡೀಟ್ಲ್ ಆ ನಂಬಿಕೆಯ ವಿರುದ್ಧ ನಿಂತರು.

ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತ ಜಡೆಯೆಂದರೆ ದೇವಿ ಮೈಮೇಲೆ ಬಂದ ಗುರುತು. ಅದಕ್ಕೆ ಭಂಡಾರ (ಅರಿಶಿನ ಪುಡಿ) ಹಚ್ಚಿ ಪೂಜಿಸುತ್ತಾರೆ. ಕತ್ತರಿಸಿದರೆ ‘ಅವ್ವ’ ಮುನಿಯುತ್ತಾಳೆಂಬ ಅಂಜಿಕೆ. ಬಡ ದಲಿತ ಮನೆಯ ಹುಡುಗಿಯ ತಲೆಯಲ್ಲಿ ಜಡೆ ಕಂಡರೆ ಅದು ದೇವಿಯ ಕರೆಯಾಗಿ, ಮುತ್ತು ಕಟ್ಟಲು, ಅಂದರೆ ಅವಳನ್ನು ದೇವದಾಸಿಯಾಗಿ ದೇವಿಗೆ ಸಮರ್ಪಿಸಲು, ನೆಪವಾಗುತ್ತಿತ್ತು. ತೊಳೆದು ಕತ್ತರಿಸಿದ್ದರೆ ಮುಗಿಯುತ್ತಿದ್ದ ತೊಂದರೆ ಒಂದಿಡೀ ಬಾಳಿನ ದಿಕ್ಕು ತಪ್ಪಿಸಿತು. ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ ಇದು.

ಮುಂಬಯಿ ಪ್ರಾಂತ್ಯದ 1934ರ ದೇವದಾಸಿ ರಕ್ಷಣಾ ಕಾಯ್ದೆ ಮುತ್ತು ಕಟ್ಟುವುದನ್ನು ಕಾನೂನುಬಾಹಿರವೆಂದಿತು. ರಾಮದುರ್ಗ ಆಗ ಪ್ರತ್ಯೇಕ ಸಂಸ್ಥಾನ. ಪ್ರಾಂತ್ಯದ ಕಾಯ್ದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಕರ್ನಾಟಕದ ನಿಷೇಧ ಕಾಯ್ದೆ 1982ರಲ್ಲಿ ಬಂತು. ಕಾನೂನು ಸಮರ್ಪಣೆಯನ್ನು ತಡೆಯಬಹುದಿತ್ತು, ಜಡೆಯ ಅಂಜಿಕೆಯನ್ನಲ್ಲ. ಆ ಅಂಜಿಕೆ ಬಿಡಿಸುವ ಕೆಲಸಕ್ಕೆ ಇಳಿದವರಲ್ಲಿ ಮಾಜಿ ದೇವದಾಸಿಯರೂ ಇದ್ದರು. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅವರದೇ ಸಂಘಟನೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ಬದುಕು ಬಾಳಿದ ಹೆಂಗಸು ಎದುರು ಕೂತು ‘ಏನೂ ಆಗೂದಿಲ್ಲ, ತಗಿಸವ್ವ’ ಎಂದಾಗ ಬರುವ ಧೈರ್ಯವನ್ನು ಯಾವ ಸರ್ಕಾರಿ ಸುತ್ತೋಲೆಯೂ ತರಲಾರದು.

ಬುಡದಲ್ಲಿ ಸಡಿಲವಾಗಿರುವ ಹೊಸ ಕೂದಲಿಗೆ ಕತ್ತರಿ ಹಾಕಿ, ಹೇನು ಹುಣ್ಣುಗಳಿಗೆ ಔಷಧ ಕೊಟ್ಟರೆ ಚಿಕಿತ್ಸೆ ಬಹುಪಾಲು ಮುಗಿಯಿತು. ಭಾರದಿಂದ ಬಂದ ಕುತ್ತಿಗೆ ನೋವು ಇಳಿಯುತ್ತದೆ. ವರ್ಷಾನುಗಟ್ಟಲೆ ಜಗ್ಗಿಸಿಕೊಂಡ ಬುಡದಲ್ಲಿ ಮಾತ್ರ ಕೂದಲು ಮತ್ತೆ ಬಾರದಿರಬಹುದು.