ನಮ್ಮ ನೆರೆಯ ಸಿದ್ದಿಗಳು

ಉಪ್ಪಿನಬೆಟಗೇರಿಯ ನಮ್ಮ ಮನೆಗಳಲ್ಲಿ ಅಜ್ಜಿಯರು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದುದು ನಿಮಗೆ ನೆನಪಿರಬಹುದು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳೂ ಹಾಗೆಯೇ ಕೌದಿ ಹೊಲಿಯುತ್ತಾರೆ. ಅವರಲ್ಲಿ ಹಲವರ ಪೂರ್ವಜರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು.

ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅದೇ ಬಳಗದ, ನಮ್ಮ ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ನಡುವೆ ಇದ್ದುದು ಜಿಲ್ಲೆಯ ಗಡಿಯೊಂದೇ.

ಕಾನೂನನ್ನಷ್ಟೇ ದೂರುವ ಹಕ್ಕು ನನಗಿಲ್ಲ. ಹಿಂದೊಮ್ಮೆ ಸಿದ್ದಿ ಹುಡುಗನೊಬ್ಬನಿಗೆ ತರಗತಿಯಲ್ಲಿ ಊರು ಯಾವುದೆಂದು ಕೇಳಿದೆ. “ಕಲಘಟಗಿ ತಾಲೂಕರೀ ಸರ್” ಎಂದ. “ಅದಲ್ಲೋ, ಮೂಲ ಊರು?” ಎಂದೆ. ಅವನು ತಲೆ ತಗ್ಗಿಸಿದ. ಆ ಎರಡನೆಯ ಪ್ರಶ್ನೆಯನ್ನು ನಿಮ್ಮಲ್ಲಿ ಬೇರೆ ಯಾರಿಗೂ ನಾನು ಕೇಳಿರಲಿಲ್ಲ.