ಮಳಖೇಡದ ಅಂಕಿಹಾರ

ಸುಡೊಕು ಅಂದರೆ ಜಪಾನಿನದು ಅಂತಲೇ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹೆಸರೇನೋ ಅಲ್ಲಿನದೇ. ಆಟ ಮಾತ್ರ ಅಮೆರಿಕದ್ದು. 1979ರಲ್ಲಿ ಡೆಲ್ ಕಂಪನಿಯ ಒಗಟಿನ ಪತ್ರಿಕೆಯಲ್ಲಿ ಅದು 'ನಂಬರ್ ಪ್ಲೇಸ್' ಎಂಬ ಹೆಸರಿನಲ್ಲಿ ಅಚ್ಚಾಯಿತು. ಕಟ್ಟಿದವರು ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ಆರ್ಕಿಟೆಕ್ಟ್ ಎನ್ನುತ್ತಾರೆ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದಕ್ಕೆ ಈಗಿನ ಹೆಸರಿಟ್ಟಿತು. 2004ರ ನವೆಂಬರಿನಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಬಂತು. ಮುಂದಿನದು ನಿಮಗೇ ಗೊತ್ತು, ಮೆಟ್ರೋದಲ್ಲಿ ಪಕ್ಕದ ಸೀಟಿನವರ ಮೊಬೈಲ್ ನೋಡಿದರೆ ಸಾಕು.

ಈ ಆಟದ ನಿಜವಾದ ಮಜಾ ಇರುವುದು ವಿಚಿತ್ರ ನಿಯಮಗಳಲ್ಲಿ. ಮಾಮೂಲಿ ಸುಡೊಕುವಿಗೆ ಒಂದೇ ಉತ್ತರ ಬರಬೇಕೆಂದರೆ 81 ಮನೆಗಳಲ್ಲಿ ಕನಿಷ್ಠ 17 ಅಂಕಿಗಳನ್ನು ಮೊದಲೇ ಕೊಟ್ಟಿರಬೇಕು. ಡಬ್ಲಿನ್ನಿನ ಗ್ಯಾರಿ ಮೆಗ್ವಾಯರ್ ತಂಡ 2012ರಲ್ಲಿ ಕಂಪ್ಯೂಟರ್ ಹೂಡಿ ಇದನ್ನು ಖಚಿತಪಡಿಸಿತು. ಆದರೆ 2020ರಲ್ಲಿ ಮಿಚೆಲ್ ಲೀ ಎಂಬವರು ಕಟ್ಟಿದ 'ಮಿರಾಕಲ್ ಸುಡೊಕು'ವಿನಲ್ಲಿ ಕೊಟ್ಟದ್ದು ಎರಡೇ ಅಂಕಿ! ಅದು ಸಾಧ್ಯವಾದದ್ದು ಸೇರಿಸಿದ ನಿಯಮಗಳಿಂದ. ಚೆಸ್ಸಿನ ರಾಜ ಅಥವಾ ಕುದುರೆಯ ಒಂದು ನಡೆಯ ದೂರದಲ್ಲಿ ಅದೇ ಅಂಕಿ ಮತ್ತೆ ಬರಬಾರದು, ಅಕ್ಕಪಕ್ಕದ ಮನೆಗಳಲ್ಲಿ 4, 5ರಂಥ ಒಂದರ ಹಿಂದೊಂದು ಅಂಕಿ ಇರಬಾರದು. ನಿಯಮ ಹೆಚ್ಚಾದರೆ ಕೈಕಾಲು ಕಟ್ಟಿದ ಹಾಗೆ ಅಂದುಕೊಳ್ಳುತ್ತೇವೆ. ಬಿಡಿಸಲು ಕೂತವರಿಗೆ ಮಾತ್ರ ಪ್ರತಿ ನಿಯಮವೂ ಒಂದು ಸುಳಿವು.

ಇಂಥ ನಿಯಮಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಪ್ಯಾಲಿಂಡ್ರೋಮ್. ಚೌಕದೊಳಗೆ ಒಂದು ಗೆರೆ ಎಳೆದಿರುತ್ತಾರೆ. ಅದರ ಮೇಲಿನ ಅಂಕಿಗಳನ್ನು ಯಾವ ತುದಿಯಿಂದ ಓದಿದರೂ ಒಂದೇ ಆಗಿರಬೇಕು. ನಮ್ಮ ಕನಕ, ನಟನ, ವಿಕಟಕವಿ ಇದ್ದಹಾಗೆ. ಈ ಹಿಂದುಮುಂದಿನ ಮೋಹ ನಮ್ಮ ಕಲಬುರಗಿ ಸೀಮೆಗೆ ತೀರಾ ಹಳೆಯದು.

ಕಲಬುರಗಿಯ ರೋಜಾದಿಂದ ಹೊರಟು ಸೇಡಂ ರಸ್ತೆ ಹಿಡಿದರೆ ಸುಮಾರು 40 ಕಿಲೋಮೀಟರಿಗೆ ಮಳಖೇಡ ಸಿಗುತ್ತದೆ. ಕಾಗಿಣಾ ನದಿ, ಅದರ ದಂಡೆಗೆ ಕೋಟೆ, ಸುತ್ತ ತೊಗರಿ ಹೊಲ, ಸಿಮೆಂಟ್ ಕಾರ್ಖಾನೆ. ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿ 9ನೇ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ 'ಕವಿರಾಜಮಾರ್ಗ' ನೆನಪಾಗುತ್ತದೆ. ಅದೇ ಕಾಲದ ಇನ್ನೊಂದು ಪುಸ್ತಕ ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ. ಜೈನ ಗಣಿತಜ್ಞ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಅದು. ಶುರುವಿನಲ್ಲೇ ಆತ ಅಮೋಘವರ್ಷನನ್ನು ಹೊಗಳುತ್ತಾನೆ. ಆಗೆಲ್ಲ ಗಣಿತ ಸಾಮಾನ್ಯವಾಗಿ ಜ್ಯೋತಿಷ ಗ್ರಂಥದ ಒಂದು ಅಧ್ಯಾಯವಾಗಿ ಬರುತ್ತಿತ್ತು. ಇದು ಪೂರ್ತಿ ಗಣಿತಕ್ಕೇ ಮೀಸಲಾದ ಪುಸ್ತಕ.

ಅದರ ಗುಣಾಕಾರದ ಭಾಗ ನೋಡಿ. ನಮ್ಮ ಪಠ್ಯಪುಸ್ತಕದಲ್ಲಾದರೆ 'ಕೆಳಗಿನವುಗಳನ್ನು ಗುಣಿಸಿ' ಅಂತ ಒಣ ಪಟ್ಟಿ ಇರುತ್ತದೆ. ಮಹಾವೀರಾಚಾರ್ಯ ಕೊಡುವ ಲೆಕ್ಕಗಳೇ ಬೇರೆ:

139 × 109 = 15151
152207 × 73 = 11111111
27994681 × 441 = 12345654321
142857143 × 7 = 1000000001

ಇಂಥ ಉತ್ತರಗಳನ್ನು ಆತ ಕಂಠಾಭರಣ ಅಂತ ಕರೆಯುತ್ತಾನೆ, ಅಂದರೆ ಕೊರಳ ಹಾರ. ಎಡದಿಂದ ಬಂದರೂ ಬಲದಿಂದ ಬಂದರೂ ಅದೇ ಮಣಿಗಳ ಸಾಲು. ಜೊತೆಗೆ ಪ್ರಶ್ನೆಯೆಲ್ಲ ಪದ್ಯದಲ್ಲಿ, ಅಂಕಿಗಳು ಪದಗಳ ವೇಷದಲ್ಲಿ. ಚಂದ್ರ ಅಂದರೆ 1, ಕಣ್ಣು ಅಂದರೆ 2, ಅಗ್ನಿ ಅಂದರೆ 3. ವಿದ್ಯಾರ್ಥಿ ಮೊದಲು ಆ ವೇಷ ಕಳಚಬೇಕು, ಆಮೇಲೆ ಗುಣಿಸಬೇಕು. ಎಲ್ಲೋ ಒಂದು ಅಂಕಿ ತಪ್ಪಿದರೆ ಹಾರ ಕೂಡುವುದೇ ಇಲ್ಲ. ಮೇಷ್ಟ್ರು ಕೆಂಪು ಶಾಯಿ ಹಿಡಿಯುವ ಮುಂಚೆಯೇ ಹುಡುಗನಿಗೆ ತನ್ನ ತಪ್ಪು ಗೊತ್ತಾಗುತ್ತದೆ. ಅಲಂಕಾರದ ಹಾಗೆ ಕಾಣುವ ನಿಯಮವೇ ಇಲ್ಲಿ ತಾಳೆ ನೋಡುವ ಕೆಲಸ ಮಾಡುತ್ತದೆ.

ಕಥೆಯ ಲೆಕ್ಕಗಳೂ ಇವೆ. ದಾರಿಯಲ್ಲಿ ಮೂವರು ವ್ಯಾಪಾರಿಗಳಿಗೆ ಹಣದ ಚೀಲ ಕಾಣಿಸುತ್ತದೆ. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿಸಿದ್ದಕ್ಕಿಂತ ನನ್ನದು ಎರಡರಷ್ಟಾಗುತ್ತೆ ಅಂತಾನೆ ಒಬ್ಬ. ನನಗಾದರೆ ಮೂರರಷ್ಟು ಅಂತಾನೆ ಇನ್ನೊಬ್ಬ. ಮತ್ತೊಬ್ಬನದು ಐದರಷ್ಟು. ಯಾರ ಬಳಿ ಎಷ್ಟಿತ್ತು, ಚೀಲದಲ್ಲಿ ಎಷ್ಟಿತ್ತು? ಅತಿ ಚಿಕ್ಕ ಉತ್ತರ: ಅವರ ಬಳಿ 1, 3, 5, ಚೀಲದಲ್ಲಿ 15. ಹೊಂದಿಸಿ ನೋಡಿ.

ಹಾಗಂತ ಸುಡೊಕು ಕಂಡುಹಿಡಿದದ್ದೇ ನಮ್ಮವರು ಅಂತ ವಾಟ್ಸಾಪ್‌ನಲ್ಲಿ ಹಂಚಬೇಡಿ. ಮಹಾವೀರಾಚಾರ್ಯನ ಹಾರಕ್ಕೂ ಗಾರ್ನ್ಸ್‌ನ ಚೌಕಕ್ಕೂ ಸಂಬಂಧವಿಲ್ಲ. ಆದರೆ ಆ ಹಾರವನ್ನು ಈ ಚೌಕಕ್ಕೆ ತೊಡಿಸಲು ಯಾರ ಅಡ್ಡಿಯೂ ಇಲ್ಲವಲ್ಲ. ಪೆನ್ಸಿಲ್ ತೆಗೆದುಕೊಳ್ಳಿ.

1 2 – –
3 – – –
– – – –
– – – –

ಪ್ರತಿ ಅಡ್ಡ ಸಾಲು, ಪ್ರತಿ ಕಂಬ ಸಾಲು, ಮೂಲೆಯ ಪ್ರತಿ 2×2 ಚೌಕದಲ್ಲಿ 1ರಿಂದ 4ರವರೆಗಿನ ಅಂಕಿ ಒಂದೊಂದು ಸಲ ಬರಬೇಕು. ಜೊತೆಗೆ ಹಾರದ ನಿಯಮ: ಮೂಲೆಯಿಂದ ಮೂಲೆಗೆ ಹೋಗುವ ಎರಡೂ ಕರ್ಣಗಳು ಹಿಂದುಮುಂದಾಗಿ ಒಂದೇ ಥರ ಓದಿಸಿಕೊಳ್ಳಬೇಕು.

ಮೊದಲ ಚಿಕ್ಕ ಚೌಕದಲ್ಲಿ ಉಳಿದದ್ದು 4. ಅದು ಕರ್ಣದ ಮೇಲಿದೆ, ಹಾಗಾಗಿ ಆ ಕರ್ಣ 1, 4, 4, 1. ಈಗ ಬಲಮೇಲಿನ ಮೂಲೆ. ಅಡ್ಡ ಸಾಲಿನಲ್ಲಿ 1, 2 ಇರುವುದರಿಂದ ಅಲ್ಲಿ 3 ಅಥವಾ 4 ಬರಬೇಕು. ಎಡಕೆಳಗಿನ ಮೂಲೆಯಲ್ಲೂ ಅದೇ ಅಂಕಿ ಬರಬೇಕಲ್ಲ, ಆ ಕಂಬ ಸಾಲಿನಲ್ಲಿ ಆಗಲೇ 3 ಕೂತಿದೆ. ಹಾಗಾದರೆ ಎರಡೂ ಮೂಲೆಗೆ 4. ಮುಂದಿನದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ:

1 2 3 4
3 4 1 2
2 1 4 3
4 3 2 1

ಹಾರದ ನಿಯಮ ತೆಗೆದರೆ ಆ ಮೂರು ಅಂಕಿಗಳಿಗೆ 12 ಉತ್ತರಗಳಿವೆ. ಹಾರ ಹಾಕಿದರೆ ಒಂದೇ. 4×4ರ ಮಾಮೂಲಿ ಚೌಕಗಳು ಒಟ್ಟು 288, ಹಾರ ತೊಟ್ಟವು ಬರೀ 24. ನೀವೇ ಹೊಸದು ಕಟ್ಟಬೇಕೇ? ಯಾವುದಾದರೂ ಒಂದೇ ಸಾಲಿನಲ್ಲಿ ಅಥವಾ ಒಂದೇ ಚಿಕ್ಕ ಚೌಕದಲ್ಲಿ ಬೇರೆಬೇರೆ ಮೂರು ಅಂಕಿ ಇಡಿ. ಉತ್ತರ ಇದ್ದೇ ಇರುತ್ತದೆ, ಅದೂ ಒಂದೇ ಇರುತ್ತದೆ.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಶಿಕ್ಷಕರ ಕೊರತೆ, ಬಡತನ, ಗುಳೆ, ಇವು ಯಾವ ಒಗಟಿನಿಂದಲೂ ಬಗೆಹರಿಯುವ ಸಂಗತಿಗಳಲ್ಲ. ಆದರೆ ಲೆಕ್ಕ ಅಂದರೆ ಹೆದರಿಕೆ ಅನ್ನುವುದು ಈ ಮಣ್ಣಿನ ಗುಣವೇನೂ ಅಲ್ಲ. ಇಲ್ಲಿ ಆಳಿದ ದೊರೆಯ ಕಾಲದಲ್ಲೇ ಒಬ್ಬ ಮೇಷ್ಟ್ರು ಗುಣಾಕಾರದ ಕೊನೆಗೊಂದು ಹಾರ ಇಟ್ಟು ಕಲಿಸಿದ್ದ. ರೋಜಾದಲ್ಲೋ ಕಮಲಾಪುರದಲ್ಲೋ ನಿಮ್ಮ ಅಕ್ಕನ ಮಗಳು ಲೆಕ್ಕದ ಪುಸ್ತಕ ಮುಚ್ಚಿಟ್ಟಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಮೂರು ಅಂಕಿಯ ಈ ಚೌಕ ಬರೆದು ಕೊಡಿ. ಬಿಡಿಸಿ ಮುಗಿಸಿದ ಮೇಲೆ ನಾಲ್ಕೂ ಸಾಲುಗಳನ್ನು ಒಂದರ ಪಕ್ಕ ಒಂದು ಬರೆಯಲು ಹೇಳಿ: 1234341221434321. ಬಲದಿಂದ ಎಡಕ್ಕೂ ಒಮ್ಮೆ ಓದಲಿ.