ಎಲ್ಲೂ ಬರೆಯದ ಒಂದು ಕಟ್ಟಳೆ

ಚರಿತ್ರೆಯನ್ನು ಬರೆಯುವವನಿಗೆ ಶಾಸನ, ಕಡತ, ಪತ್ರಗಳು ದೊರೆತರೆ ಕೆಲಸ ಅರ್ಧ ಮುಗಿದಂತೆಯೇ. ಕಷ್ಟವೆನಿಸುವುದು ಬರೆಯದೆಯೇ ನಡೆದು ಬಂದ ಕಟ್ಟಳೆ. ಯಾರೂ ಸಹಿ ಹಾಕದ, ಯಾವ ಸಭೆಯ ನಡವಳಿಯಲ್ಲೂ ಕಾಣದ ನಿಷೇಧವೊಂದನ್ನು ಸಾಧಿಸಿ ತೋರಿಸುವುದು ಹೇಗೆ? ಅದರಿಂದ ನಷ್ಟಕ್ಕೆ ಗುರಿಯಾದವನ ಬದುಕನ್ನೇ ಸಾಕ್ಷ್ಯವೆಂದು ಓದಬೇಕಾಗುತ್ತದೆ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಬದುಕನ್ನು ಕುರಿತು. ಆತ ಅಮೆರಿಕದ ಫುಟ್‌ಬಾಲ್ ಆಟಗಾರ ಕೆನಿ ವಾಷಿಂಗ್ಟನ್.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಎರಡೂ ತುದಿ ಮೊನಚಾದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು, ನೂರು ಗಜದ ಬಯಲಿನಲ್ಲಿ ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನುಗ್ಗುವ ಆಟ ಅದು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಸಾಗದಿದ್ದರೆ ಚೆಂಡು ಎದುರು ತಂಡದ ಪಾಲು. ಹೀಗೆ ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದವನು 'ರನ್ನಿಂಗ್ ಬ್ಯಾಕ್'. ಅವನನ್ನು ನೆಲಕ್ಕೆ ಕೆಡವುವುದು ಎದುರಿನ ಹನ್ನೊಂದು ಮಂದಿಯ ಗುರಿ. ಆದ್ದರಿಂದ ಈ ಕಸುಬಿನ ಆಯುಸ್ಸು ಅಲ್ಪ. ಇಪ್ಪತ್ತೆರಡಕ್ಕೆ ಮೊದಲಾದರೆ ಮೂವತ್ತರ ಹೊತ್ತಿಗೆ ಬಹುಮಂದಿಗೆ ಮುಗಿಯಿತು. ಮೊಣಕಾಲು ಸೋತರೆ ಅದಕ್ಕೂ ಮುಂಚೆಯೇ. ಮುಂದಿನ ಕಥೆಯ ತಿರುಳು ಈ ಲೆಕ್ಕದಲ್ಲಿದೆ.

ಕೆನಿ ಹುಟ್ಟಿದ್ದು 1918ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ. ಅವನನ್ನು ಸಾಕಿ ಬೆಳೆಸಿದವರು ಅಜ್ಜಿ ಮತ್ತು ಪೊಲೀಸ್ ಇಲಾಖೆಯಲ್ಲಿದ್ದ ಚಿಕ್ಕಪ್ಪ. 1937ರಿಂದ 1939ರವರೆಗೆ ಆತ ಅದೇ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿದ. ಆ ಕಾಲದಲ್ಲಿ ಅನೇಕ ವಿಶ್ವವಿದ್ಯಾನಿಲಯಗಳ ತಂಡಗಳಲ್ಲಿ ಕರಿಯ ಆಟಗಾರನೊಬ್ಬನೂ ಇರುತ್ತಿರಲಿಲ್ಲ. 1939ರ ಈ ತಂಡದಲ್ಲಾದರೋ ಅಂಥವರು ನಾಲ್ವರು. ಅವರಲ್ಲೊಬ್ಬ, ಮುಂದೆ ಬೇಸ್‌ಬಾಲ್ ಆಟದಿಂದ ಜಗತ್ಪ್ರಸಿದ್ಧನಾದ ಜಾಕಿ ರಾಬಿನ್‌ಸನ್. ಇನ್ನೊಬ್ಬ, ಮುಂದೆ ಚಲನಚಿತ್ರ ನಟನಾದ ವುಡಿ ಸ್ಟ್ರೋಡ್.

ಆಗಿನ ಪದ್ಧತಿಯಲ್ಲಿ ಆಕ್ರಮಣ, ರಕ್ಷಣೆ ಎರಡಕ್ಕೂ ಅವರೇ ಆಟಗಾರರು. ಕೆನಿ ಓಡುತ್ತಿದ್ದ, ಚೆಂಡನ್ನು ದೂರಕ್ಕೆ ಎಸೆಯುತ್ತಿದ್ದ, ಮರುಗಳಿಗೆಯಲ್ಲಿ ಎದುರಾಳಿಯನ್ನು ತಡೆಯಲು ನಿಲ್ಲುತ್ತಿದ್ದ. 1939ರ ಋತುವಿನ ಹತ್ತು ಪಂದ್ಯಗಳ 600 ನಿಮಿಷಗಳಲ್ಲಿ ಆತ 580 ನಿಮಿಷ ಅಂಗಳದಲ್ಲಿದ್ದ. ಓಟ, ಎಸೆತಗಳೆರಡೂ ಸೇರಿ ಆತ ಗಳಿಸಿದ್ದು 1,370 ಗಜ. ಆ ವರ್ಷ ಇಡೀ ದೇಶದಲ್ಲಿ ಅದೇ ಮೊದಲನೆಯದು. ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ.

1939ರ ಡಿಸೆಂಬರ್ 9ರಂದು ನಗರದ ಕೊಲಿಸಿಯಂ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ. ಎದುರಾಳಿ ನೆರೆಯ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ. ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರು. ಯಾರೂ ಅಂಕ ಗಳಿಸದೆ ಪಂದ್ಯ ಸಮಬಲದಲ್ಲಿ ಮುಗಿಯಿತು. ಮುಗಿಯಲು ಕೆಲವೇ ಕ್ಷಣಗಳಿರುವಾಗ ಕೆನಿ ಅಂಗಳದಿಂದ ಹೊರನಡೆದಾಗ ಜನಸ್ತೋಮ ಎದ್ದು ನಿಂತು ಗೌರವಿಸಿತು. ಅದೇ ದಿನ, ದೂರದ ಮಿಲ್ವಾಕಿ ನಗರದ ಒಂದು ಹೋಟೆಲಿನಲ್ಲಿ ವೃತ್ತಿಪರ ಒಕ್ಕೂಟದ ಹತ್ತು ತಂಡಗಳ ಒಡೆಯರು ಮುಂದಿನ ವರ್ಷಕ್ಕಾಗಿ ಕಾಲೇಜು ಆಟಗಾರರನ್ನು ಆರಿಸಲು ಸೇರಿದ್ದರು. ಅವರು 200 ಹೆಸರುಗಳನ್ನು ಆರಿಸಿದರು. ಆ ಇನ್ನೂರರಲ್ಲಿ ಕೆನಿ ವಾಷಿಂಗ್ಟನ್ ಇರಲಿಲ್ಲ.

ನಾನು ಆರಂಭದಲ್ಲಿ ಹೇಳಿದ ಕಟ್ಟಳೆ ಇದೇ. 1920ರಲ್ಲಿ ಒಕ್ಕೂಟ ಸ್ಥಾಪನೆಯಾದಾಗ ಅದರಲ್ಲಿ ಕರಿಯರು ಇದ್ದರು; ಫ್ರಿಟ್ಜ್ ಪೊಲಾರ್ಡ್ ಎಂಬ ಕರಿಯ ಆಟಗಾರ ತಂಡವೊಂದಕ್ಕೆ ತರಬೇತುದಾರನೂ ಆಗಿದ್ದ. 1933ರಲ್ಲಿ ಇಬ್ಬರು ಉಳಿದಿದ್ದರು. 1934ರಿಂದ ಒಬ್ಬನೂ ಇಲ್ಲ. ನಿಯಮಾವಳಿಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಅಂಥ ಒಪ್ಪಂದವೇ ಇರಲಿಲ್ಲವೆಂದು ಒಡೆಯರು ಮುಂದೆಯೂ ಹೇಳುತ್ತ ಬಂದರು. ಇರಲಿಲ್ಲವೆಂದೇ ಇಟ್ಟುಕೊಳ್ಳೋಣ. ಹನ್ನೆರಡು ವರ್ಷಗಳ ಪಟ್ಟಿಗಳಲ್ಲಿ ಒಬ್ಬನ ಹೆಸರೂ ಕಾಣಿಸದಿದ್ದರೆ ಅದನ್ನು ಆಕಸ್ಮಿಕವೆಂದು ಯಾವ ಚರಿತ್ರಕಾರ ನಂಬಿಯಾನು?

ಆಗಲೇ ನಂಬದವರಿದ್ದರು. ಸ್ಯಾಮ್ ಬಾಲ್ಟರ್ ಎಂಬ ಬಾನುಲಿ ಭಾಷಣಕಾರ ತಂಡಗಳ ಒಡೆಯರಿಗೆ ಬಹಿರಂಗ ಪತ್ರವೊಂದನ್ನು ಪ್ರಸಾರದಲ್ಲೇ ಓದಿ, ಈತನನ್ನೇಕೆ ಕೈಬಿಟ್ಟಿರಿ ಎಂದು ಪ್ರಶ್ನಿಸಿದ. ಒಡೆಯರು ಉತ್ತರಿಸಲಿಲ್ಲ. ಕೆನಿ ಪೊಲೀಸ್ ಇಲಾಖೆಗೆ ಸೇರಿದ. ಪಶ್ಚಿಮ ಕರಾವಳಿಯ ಸಣ್ಣ ಒಕ್ಕೂಟದಲ್ಲಿ ಹಾಲಿವುಡ್ ಬೇರ್ಸ್ ತಂಡಕ್ಕೆ ಆಡಿದ. ಅಲ್ಲಿ ಪ್ರೇಕ್ಷಕರಿದ್ದರು, ಪ್ರೀತಿಯಿತ್ತು, ರಾಷ್ಟ್ರೀಯ ಕೀರ್ತಿಯಿರಲಿಲ್ಲ. ಅವನ ಮೊಣಕಾಲುಗಳು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದವು. ಓಟಗಾರನ ಉತ್ತಮ ವಯಸ್ಸು ಅಲ್ಲೇ ಸವೆಯಿತು.

1946ರಲ್ಲಿ ಕ್ಲೀವ್‌ಲ್ಯಾಂಡಿನ ರಾಮ್ಸ್ ತಂಡ ಲಾಸ್ ಏಂಜಲೀಸಿಗೆ ವಲಸೆ ಬಂದು ಕೊಲಿಸಿಯಂ ಕ್ರೀಡಾಂಗಣವನ್ನು ಬಾಡಿಗೆಗೆ ಕೇಳಿತು. ಅದು ಸಾರ್ವಜನಿಕ ಆಸ್ತಿ. ಕರಿಯರ ಪತ್ರಿಕೆಯೊಂದರ ಕ್ರೀಡಾ ಲೇಖಕ ಹ್ಯಾಲಿ ಹಾರ್ಡಿಂಗ್ ಕ್ರೀಡಾಂಗಣದ ಆಡಳಿತ ಮಂಡಳಿಯ ಮುಂದೆ ನಿಂತು ನೇರವಾದ ವಾದವನ್ನು ಹೂಡಿದ: ಎಲ್ಲರ ತೆರಿಗೆಯಿಂದ ಕಟ್ಟಿದ ಅಂಗಳದಲ್ಲಿ ಕೆಲವರನ್ನು ಮಾತ್ರ ಆಡಿಸುವ ತಂಡಕ್ಕೆ ಸ್ಥಾನವೆಲ್ಲಿ? ತಂಡದವರಿಗೆ ಪ್ರತ್ಯುತ್ತರವಿರಲಿಲ್ಲ. 1946ರ ಮಾರ್ಚ್ 21ರಂದು ಕೆನಿಯೊಡನೆ ಕರಾರಾಯಿತು. ಕೆಲವು ವಾರಗಳ ನಂತರ ಸ್ಟ್ರೋಡ್‌ನೂ ಸೇರಿದ. ಬೇಸ್‌ಬಾಲ್‌ನ ಉನ್ನತ ಒಕ್ಕೂಟದಲ್ಲಿ ರಾಬಿನ್‌ಸನ್ ಮೊದಲ ಪಂದ್ಯವಾಡಿದ್ದು ಇದಾದ ಮರುವರ್ಷ, 1947ರ ಏಪ್ರಿಲ್‌ನಲ್ಲಿ.

ಬಾಗಿಲು ತೆರೆದಾಗ ಇಬ್ಬರಿಗೂ ಇಪ್ಪತ್ತೆಂಟರ ಆಸುಪಾಸು. ಬೇಸ್‌ಬಾಲ್ ಆಟಗಾರನಿಗೆ ಆ ವಯಸ್ಸಿನಲ್ಲಿ ಇನ್ನೂ ಹಗಲಿದೆ. ರಾಬಿನ್‌ಸನ್ ಹತ್ತು ಋತುಗಳನ್ನು ಆಡಿದ. ರನ್ನಿಂಗ್ ಬ್ಯಾಕ್‌ಗೆ ಅದು ಇಳಿಹೊತ್ತು. ಕೆನಿಗೆ ಮೂರೇ ಋತುಗಳು ದಕ್ಕಿದವು. ಆದರೂ 1947ರಲ್ಲಿ 60 ಓಟಗಳಿಂದ 444 ಗಜ ಗಳಿಸಿದ. ಓಟವೊಂದಕ್ಕೆ ನಾಲ್ಕು ಗಜ ಬಂದರೆ ಉತ್ತಮವೆನ್ನುವ ಆಟದಲ್ಲಿ ಇವನ ಸರಾಸರಿ 7.4, ಅದು ಆ ವರ್ಷ ಒಕ್ಕೂಟದಲ್ಲೇ ಅತ್ಯಧಿಕ. ಅದೇ ವರ್ಷ ಶಿಕಾಗೋ ಕಾರ್ಡಿನಲ್ಸ್ ತಂಡದೆದುರು ಒಂದೇ ಓಟದಲ್ಲಿ 92 ಗಜ ಸಾಗಿ ಗುರಿ ಮುಟ್ಟಿದ. ಶಸ್ತ್ರಚಿಕಿತ್ಸೆಗಳಾದ ಮೊಣಕಾಲುಗಳ ಮೇಲೆ ಓಡಿದ ಓಟವಿದು. 1948ರ ಕೊನೆಗೆ ನಿವೃತ್ತನಾದಾಗ ವೃತ್ತಿಪರ ಲೆಕ್ಕ ಒಟ್ಟು 859 ಗಜ.

ಕಟ್ಟಳೆ ಅಲ್ಲಿಗೆ ಪೂರ್ತಿ ಅಳಿಯಲಿಲ್ಲ. ರಾಜಧಾನಿಯ ತಂಡದ ಒಡೆಯ ಜಾರ್ಜ್ ಪ್ರೆಸ್ಟನ್ ಮಾರ್ಷಲ್ 1962ರವರೆಗೂ ಕರಿಯರನ್ನು ಅಂಗಳಕ್ಕೆ ಇಳಿಸಲಿಲ್ಲ. ಅಲ್ಲಿಯೂ ಹಟ ಮುರಿದದ್ದು, ತಂಡ ಆಡುತ್ತಿದ್ದ ಹೊಸ ಕ್ರೀಡಾಂಗಣ ಸರ್ಕಾರದ ನೆಲದಲ್ಲಿದೆಯೆಂದು ಸಚಿವ ಸ್ಟುವರ್ಟ್ ಉಡಾಲ್ ಎಚ್ಚರಿಸಿದ ಮೇಲೆಯೇ. ಎರಡು ಪ್ರಸಂಗಗಳಲ್ಲೂ ಪ್ರತಿಭೆಯೊಂದೇ ಬಾಗಿಲನ್ನು ತೆರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿಭೆ 1939ರಲ್ಲಿಯೇ ಲಕ್ಷ ಜನರ ಕಣ್ಣೆದುರು ಇತ್ತು. ಈ ನೆಲ ಎಲ್ಲರದು ಎಂದು ಯಾರೋ ಎದ್ದು ನಿಂತು ಹೇಳಬೇಕಾಯಿತು.

ಕಾಲೇಜು ಆಟದ ಕೀರ್ತಿಮಂದಿರ 1956ರಲ್ಲಿ ಕೆನಿಯನ್ನು ಬರಮಾಡಿಕೊಂಡಿತು. ವೃತ್ತಿಪರರ ಮಂದಿರ ಆತ ಬದುಕಿರುವವರೆಗೂ ಕರೆಯಲಿಲ್ಲ. 859 ಗಜ ಸಾಲದೆನಿಸಿತೇನೋ. ಆತ 1971ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ದಾಖಲೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 1946, 1947, 1948 ಎಂಬ ಮೂರು ಸಾಲುಗಳಿವೆ. 1940ರಿಂದ 1945ರವರೆಗಿನ ಆರು ಸಾಲುಗಳು ಅಲ್ಲಿಲ್ಲ. ಆ ಕಟ್ಟಳೆಯನ್ನು ಬರಹದಲ್ಲಿ ನೋಡಬಯಸುವವರು ಆ ಖಾಲಿ ಜಾಗವನ್ನು ಓದಬೇಕು.